ಅಪ್ಪನ ಕನ್ನಡ ಪರೀಕ್ಷೆ

ನಮ್ಮ ಅಪ್ಪ ಔರಾದಿನ ತಹಸೀಲ ಕಚೇರಿಯಲ್ಲಿ ಗುಮಾಸ್ತರು. ಅವರು ಊರು ಬಿಡಲಿಲ್ಲ, ಕೂರುವ ಜಾಗವನ್ನೂ ಬದಲಿಸಲಿಲ್ಲ. ಆದರೂ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅವರ ಧಣಿ ಬೇರೆಯಾದ. ಹೈದರಾಬಾದಿನ ಕಾನೂನು ಹೋಗಿ ಬೆಂಗಳೂರಿನ ಕಾನೂನು ಬಂತು. ಕನ್ನಡ ಪರೀಕ್ಷೆ ಪಾಸಾಗುವವರೆಗೆ ಪಗಾರ ಏರುವುದಿಲ್ಲ, ನೌಕರಿ ಕಾಯಂ ಆಗುವುದಿಲ್ಲ ಎಂದು ಕಚೇರಿಯಲ್ಲಿ ಓದಿ ಹೇಳಿದರಂತೆ.

ಅದು ನೆನಪಾದರೆ ನನಗೆ ಈಗಲೂ ಮೈಯುರಿಯುತ್ತದೆ. ಅಪ್ಪ ಹುಟ್ಟಿದಾಗಿನಿಂದ ಆಡಿದ್ದು ಕನ್ನಡವೇ. ಬರೆಯಲು ಬರುತ್ತಿರಲಿಲ್ಲ, ಅಷ್ಟೇ. ನಿಜಾಮರ ಕಾಲದ ಶಾಲೆಯಲ್ಲಿ ಅವರಿಗೆ ಕಲಿಸಿದ್ದು ಉರ್ದು. ಉರ್ದು ಕಲಿತರೇ ನೌಕರಿ ಎಂದಿದ್ದೂ ಸರ್ಕಾರವೇ.

ಅವ್ವ ಭಾಲ್ಕಿಯವಳು. ಅವಳ ತಂದೆ ಮನೆಯಲ್ಲೇ ಅವಳಿಗೆ ಕನ್ನಡ ಓದಲು, ಬರೆಯಲು ಕಲಿಸಿದ್ದರು. ಅವಳ ಹತ್ತಿರ ಇದ್ದದ್ದು ಒಂದೇ ಪುಸ್ತಕ, ಎರಡೂ ಕಡೆಯ ರಟ್ಟು ಕಿತ್ತುಹೋದ ಒಂದು ಪುರಾಣ. ಸಂಜೆ ರೊಟ್ಟಿ ಬಡಿದು ಮುಗಿಸಿ, ಕೈ ತೊಳೆದುಕೊಂಡು ಒಲೆಯ ಪಕ್ಕದಲ್ಲಿ ಅಪ್ಪನಿಗೆ ಪಾಠ ಹೇಳಲು ಕೂರುತ್ತಿದ್ದಳು. ಗಂಡನಿಗೆ ಹೆಂಡತಿ ಅಕ್ಷರ ತಿದ್ದಿಸುವುದನ್ನು ಓಣಿಯವರು ನೋಡಿದರೆ ಆಡಿಕೊಳ್ಳುತ್ತಾರೆಂದು ಬಾಗಿಲು ಮುಂದೆ ಮಾಡುತ್ತಿದ್ದಳು. ಅಪ್ಪ ಅವಳನ್ನು ಮಾಸ್ತರರೇ ಎಂದು ಕಾಡಿಸುತ್ತಿದ್ದರು.

ಅಪ್ಪ ಬೇಗ ಕಲಿತರು. ಒಂದು ಚಾಳಿ ಮಾತ್ರ ಬಿಡಲಿಲ್ಲ. ಉರ್ದು ಪುಸ್ತಕ ಶುರುವಾಗುವುದು ನಮ್ಮ ಪುಸ್ತಕ ಮುಗಿಯುವ ಕಡೆಯಿಂದ. ಹಾಗಾಗಿ ಪ್ರತಿ ಸಂಜೆ ಅವರು ಪುರಾಣವನ್ನು ಹಿಂದಿನಿಂದ ತೆರೆಯುತ್ತಿದ್ದರು. ಅವ್ವ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಹೊರಳಿಸಿ, ಮತ್ತೆ ಕೈಗಿಡುತ್ತಿದ್ದಳು.

“ಏನ್ ಮಾಡ್ಲಿ, ಕೈ ಅದೇ ಕಡಿ ಹೋಗ್ತದ,” ಎಂದರು ಒಮ್ಮೆ ಅಪ್ಪ, ನಾಚಿಕೊಂಡು.

“ಹೋಗ್ಲಿ ಬಿಡ್ರಿ. ಹೊಳ್ಳಿಸಿ ಕೊಡ್ಲಾಕ ನಾ ಇದ್ದೀನಲ್ಲ,” ಎಂದಳು ಅವ್ವ.

ಪರೀಕ್ಷೆ ಬೀದರಿನಲ್ಲಿ ನಡೆಯಿತು. ಎಲ್ಲವನ್ನೂ ಬರೆದೆ ಎಂದು ಅಪ್ಪ ಖುಷಿಯಿಂದ ಬಂದರು, ಬರುವಾಗ ಅವ್ವನಿಗೆ ಬಳೆ ತಂದಿದ್ದರು. ಫಲಿತಾಂಶ ಬಂದಾಗ ಫೇಲಾಗಿದ್ದರು. ಜಿಲ್ಲಾ ಕಚೇರಿಯಲ್ಲಿದ್ದ ಪರಿಚಯದವರೊಬ್ಬರು ವಿಚಾರಿಸಿ ಹೇಳಿದ ಮೇಲೆ ನಮಗೆ ಗೊತ್ತಾಯಿತು. ಅಪ್ಪ ಉತ್ತರದ ಹಾಳೆಗಳ ಕಟ್ಟನ್ನು ಹಿಂದಿನಿಂದ ತೆರೆದು ಅಲ್ಲಿಂದಲೇ ಬರೆದಿದ್ದರು. ತಿದ್ದಿದವರು ಮುಂದಿನ ಹಾಳೆಗಳು ಖಾಲಿ ಇದ್ದದ್ದು ನೋಡಿ ಸೊನ್ನೆ ಹಾಕಿದ್ದರು. ಮತ್ತೊಮ್ಮೆ ನೋಡಿ ಎಂದು ಅಪ್ಪ ಬೇಡಿಕೊಂಡರು, ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ಕಚೇರಿಯವರು ಹೇಳಿದರು.

ಅವ್ವ ಆ ಬಳೆ ನೋಡಿಕೊಂಡು ಅತ್ತಳು. ಪರೀಕ್ಷೆಗೆ ತಾನೂ ಜೊತೆಗೆ ಹೋಗಬೇಕಿತ್ತು ಅಂದಳು. ಅದು ಆಗದ ಮಾತೆಂದು ಅವಳಿಗೂ ಗೊತ್ತಿತ್ತು.

ಕಾಯಂ ಆಗದವರನ್ನು ಎಲ್ಲಿ ಬೇಕಾದರೂ ಹಾಕಬಹುದಿತ್ತು. ಅಪ್ಪನನ್ನು ಬೀದರಿಗೆ ಹಾಕಿದರು. ಆ ಪಗಾರದಲ್ಲಿ ಅಲ್ಲೊಂದು ಸಂಸಾರ ಹೂಡುವುದು ಆಗುವಂತಿರಲಿಲ್ಲ. ಅವ್ವ ನನ್ನನ್ನು ಕರೆದುಕೊಂಡು ಭಾಲ್ಕಿಯ ತವರಿಗೆ ಹೋದಳು, ಪುರಾಣವನ್ನು ಅಪ್ಪನ ಪೆಟ್ಟಿಗೆಯಲ್ಲಿಟ್ಟಳು.

ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು, ಇಳಿಯಲಿಲ್ಲ. ಸೋದರಮಾವ ಬೀದರಿಗೆ ಹೋಗಿ ಸುದ್ದಿ ಮುಟ್ಟಿಸಿದ. ಅಪ್ಪ ರಜೆ ಕೇಳಿದರು. ದಕ್ಷಿಣದ ಕಡೆಯಿಂದ ಬಂದಿದ್ದ ಸಾಹೇಬರು ಕೆಟ್ಟವರೇನಲ್ಲ, ಆದರೆ ರಾಜ್ಯ ಒಂದಾದ ಮೇಲಿನ ಕಾನೂನು ಅವರಿಗೂ ಹೊಸದು. ಕಾಯಂ ಇಲ್ಲದವರ ರಜೆಗೆ ಮೇಲಿನವರ ಒಪ್ಪಿಗೆ ಬೇಕು, ಕೇಳದೆ ಹೋದರೆ ನೌಕರಿ ಉಳಿಯಲಿಕ್ಕಿಲ್ಲ ಎಂದರಂತೆ. ಅಪ್ಪ ಒಪ್ಪಿಗೆಗಾಗಿ ಕಾದರು. ಇತ್ತ ಅವ್ವ ಹೊರಗೆ ಯಾರ ಹೆಜ್ಜೆ ಕೇಳಿದರೂ ಅವರು ಬಂದರೇ ಎಂದು ಕೇಳುತ್ತಿದ್ದಳು. ಇಲ್ಲ ಎಂದು ಹೇಳುವ ಕೆಲಸ ಮಗಳಾದ ನನ್ನದಾಗಿತ್ತು.

ಅಪ್ಪ ಬಂದದ್ದು ಅವ್ವನ ಮಣ್ಣಿಗೆ. ಎಲ್ಲ ಮುಗಿದ ಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು, “ನೌಕ್ರಿ ಹೋಗ್ತದಂತ ಕುಂತೆ ನೋಡವ್ವಾ,” ಎಂದರು. ನನಗೆ ಸಿಟ್ಟು ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ಮರುವರ್ಷ ಅವರು ಮತ್ತೆ ಪರೀಕ್ಷೆಗೆ ಕೂತು ಪಾಸಾದರು. ಹಾಳೆಯನ್ನು ಸರಿಯಾದ ಕಡೆಯಿಂದಲೇ ತೆರೆದಿದ್ದರು. ಕೆಲಸ ಕಾಯಂ ಆಗಿ, ಕೇಳಿದಂತೆ ಔರಾದಿಗೇ ವರ್ಗವಾಯಿತು. ಅಲ್ಲಿಯವರೆಗೂ ಭಾಲ್ಕಿಯಲ್ಲೇ ಇದ್ದ ನನ್ನನ್ನು ಕರೆದುಕೊಂಡು ಹೋದರು.

ಮನೆ ಸೇರಿದ ಸಂಜೆ ನಾನು ಒಲೆ ಹೊತ್ತಿಸಿದೆ. ಅಪ್ಪ ಪೆಟ್ಟಿಗೆಯಿಂದ ಪುರಾಣ ತೆಗೆದು, ಪಾಠಕ್ಕೆ ಕೂರುತ್ತಿದ್ದ ಜಾಗದಲ್ಲೇ ಕೂತು, ಅದನ್ನು ಹಿಂದಿನಿಂದ ತೆರೆದರು. ಹಾಗೇ ತೊಡೆಯ ಮೇಲಿಟ್ಟುಕೊಂಡರು. ಮರೆತಿದ್ದಾರೆಂದುಕೊಂಡು ನಾನು ಹೊರಳಿಸಲು ಕೈ ಚಾಚಿದೆ.

“ಇರ್ಲಿ ಬಿಡವ್ವಾ,” ಎಂದರು ಅಪ್ಪ. “ಆಕಿ ಹೊಳ್ಳಿಸ್ತಾಳ.”