ಸಾಹೇಬರ ಚೀಟಿ, ಜ್ಞಾನದೇವನ ದನಿ

ಸದಲಗಾದ ಜ್ಞಾನದೇವನ ಕಸುಬು ಆಟೋದಲ್ಲಿ ಕೂತು ಮೈಕಿನಲ್ಲಿ ಸುದ್ದಿ ಸಾರುವುದು. ಪೋಲಿಯೊ ಹನಿ, ನೀರು ಬಾರದ ದಿನ, ತೀರಿಕೊಂಡವರ ಮಣ್ಣಿನ ಹೊತ್ತು, ಎಲ್ಲವನ್ನೂ ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಹೇಳುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನು ಸಾರಿದ್ದು ಒಮ್ಮೆಯೂ ಸುಳ್ಳಾಗಿರಲಿಲ್ಲ. ಹಾಗಾಗಿ ಹಿಂದಿನ ಚುನಾವಣೆಯಲ್ಲಿ, ಅಭ್ಯರ್ಥಿಯಾಗಿದ್ದ ಸಾಹೇಬರು ಗೆದ್ದ ಒಂದೇ ವರ್ಷದಲ್ಲಿ ತಮ್ಮ ಕೇರಿಯ ಪ್ರತಿ ಮನೆಯ ಜಾಗಕ್ಕೂ ಹಕ್ಕುಪತ್ರ ಸಿಗುತ್ತದೆ ಎಂದು ಅವನು ಸಾರಿದಾಗ ಜನ ಆ ದನಿಯನ್ನು ನಂಬಿಯೇ ಓಟು ಹಾಕಿದರು.

ಸಾಹೇಬರು ಶಾಸಕರಾದರು. ಹಕ್ಕುಪತ್ರ ಬರಲಿಲ್ಲ. ಪಕ್ಕದ ತಗಡಿನ ಮನೆಯ ಮುದುಕಿ ಶೇವಂತಾ ಅದರ ಅರ್ಜಿಗೆಂದು ತನ್ನ ಆಧಾರ್ ಕಾರ್ಡಿನ ಝೆರಾಕ್ಸನ್ನು ಜ್ಞಾನದೇವನ ಕೈಗೇ ಕೊಟ್ಟಿದ್ದಳು. ಕಂಡಾಗಲೆಲ್ಲ, "ಪತ್ರ ಎಲ್ಲಿತನಕ ಬಂತಪಾ?" ಎಂದು ಕೇಳುವಳು. ಬರಬರುತ್ತ ಅವನು ಅವಳ ಬಾಗಿಲ ಮುಂದಿನ ದಾರಿ ಬಿಟ್ಟು ಹಿತ್ತಲಿನಿಂದ ಓಡಾಡತೊಡಗಿದ.

"ಕಳ್ಳರಂಗ ಯಾಕ ಅಡ್ಯಾಡ್ತೀರಿ?" ಎಂದು ಹೆಂಡತಿ ತುಳಸವ್ವ ಒಮ್ಮೆ ಕೇಳಿದಳು. ಅವನು ಮೈಕು ಎತ್ತಿಕೊಂಡು ಹಿತ್ತಲ ಕಡೆಗೇ ನಡೆದ.

ಐದು ವರ್ಷ ಕಳೆದು ಮತ್ತೆ ಚುನಾವಣೆ ಬಂತು. ಟಿವಿ ಚಾನೆಲ್ಲೊಂದು ಚಿಕ್ಕೋಡಿಯ ಮೈದಾನದಲ್ಲಿ ಶಾಸಕರಿಗೂ ಎದುರಾಳಿಗೂ ನೇರಪ್ರಸಾರದ ಚರ್ಚೆ ಇಟ್ಟಿತು. ಜನರನ್ನು ಸುಮ್ಮನೆ ಕೂರಿಸಲು, ಹೇಳಿದಾಗ ಚಪ್ಪಾಳೆ ಹೊಡೆಸಲು ಜ್ಞಾನದೇವನನ್ನು ಕರೆದಿದ್ದರು. ಅವನು ಮೈಕು ಹಿಡಿದು ವೇದಿಕೆಯ ಪಕ್ಕ ನಿಂತ. ಮೂರನೆಯ ಸಾಲಿನಲ್ಲಿ ಶೇವಂತಾ ಕೇರಿಯವರೊಂದಿಗೆ ಕೂತಿದ್ದಳು.

ಅರ್ಧ ತಾಸು ಅಭ್ಯರ್ಥಿಗಳಿಬ್ಬರೂ ಒದರಾಡಿದರು. ಯಾರು ಎಷ್ಟು ಪಕ್ಷ ಬದಲಿಸಿದರು, ಯಾರಪ್ಪ ಯಾರ ಮನೆಯ ಬಾಗಿಲು ಕಾದ, ಬರೀ ಅದೇ ಮಾತು. ಕೊನೆಗೆ ನಿರೂಪಕಿ ಹಕ್ಕುಪತ್ರದ ಪ್ರಶ್ನೆ ಎತ್ತಿದಳು.

ಶಾಸಕರು ನಕ್ಕರು. "ನಾ ಹಂಗ ಎಂದೂ ಅಂದಿಲ್ರಿ. ಯಾವನೋ ಆಟೋದಾಂವ ಒದರಕೋತ ಹೋದ್ರ ಅದಕ್ಕ ನಾ ಜವಾಬ್ದಾರೇನ್ರಿ?"

ಮೂರನೆಯ ಸಾಲು ಪೂರ್ತಿ ಜ್ಞಾನದೇವನ ಕಡೆ ತಿರುಗಿತು. ಅವನು ಮೈಕಿನ ಗುಂಡಿ ಒತ್ತಿದ. ಅಂದು ಸಾರಿದ್ದನ್ನು ಒಂದಕ್ಷರ ಬಿಡದೆ, ಅದೇ ಏರಿಳಿತದಲ್ಲಿ, ಎರಡೂ ಭಾಷೆಯಲ್ಲಿ ಹೇಳಿದ.

"ಇದನ್ನ ಚೀಟಿಯಾಗ ಬರದು ನನ್ನ ಕೈಯಾಗ ಕೊಟ್ಟಾವ್ರು ನೀವ ರೀ ಸಾಹೇಬ್ರ. ಓದಿದಾಂವ ನಾನು."

ಯಾರೋ ಮೈಕಿನ ವಾಯರು ಕಿತ್ತರು. ಇಬ್ಬರು ಕಾರ್ಯಕರ್ತರು ಬಂದು ಅವನ ಅಂಗಿ ಹಿಡಿದರು.

"ಇಂವಾ ಆ ಪಾರ್ಟಿಯಾಂವ!" ಶಾಸಕರು ಕೂಗಿದರು.

ಎದುರಾಳಿ ಕುರ್ಚಿಯಿಂದ ಜಿಗಿದು ಬಂದ. "ಹೌದು, ನಮ್ಮಾಂವನ!" ಎನ್ನುತ್ತ ತನ್ನ ಪಕ್ಷದ ಶಾಲನ್ನು ಜ್ಞಾನದೇವನ ಕೊರಳಿಗೆ ಹಾಕಿ, ಅವನ ಕೈಯನ್ನು ಮೇಲೆತ್ತಿ ಕ್ಯಾಮೆರಾಕ್ಕೆ ತೋರಿಸಿದ.

ಜ್ಞಾನದೇವ ಶಾಲು ಕಿತ್ತು ಒಗೆದ. "ನಾ ಯಾರಾಂವನೂ ಅಲ್ಲ!"

ಅಷ್ಟರಲ್ಲಿ ಚಾನೆಲ್ಲಿನವರು ಜಾಹೀರಾತು ಹಾಕಿಬಿಟ್ಟಿದ್ದರು. ಕೊರಳಲ್ಲಿ ಶಾಲಿದ್ದ ದೃಶ್ಯವನ್ನೇ ಸಂಜೆತನಕ ತೋರಿಸಿದರು. ಅದನ್ನು ನೋಡಿದವರು ಅವನನ್ನು ಕಂಡು ಮುಖ ತಿರುಗಿಸಿದರು. ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ಹೇಸಿಗೆಯಾಯಿತು. ಒಬ್ಬ ಅವನ ಮಾತನ್ನು ಅಲ್ಲಗಳೆದಿದ್ದ, ಇನ್ನೊಬ್ಬ ಅದನ್ನು ಕದ್ದಿದ್ದ.

ಸಂಜೆ ಊರಿಗೆ ಮರಳಿದವನು ಮನೆಗೆ ಹೋಗಲಿಲ್ಲ. ನೆಟ್ಟಗೆ ಶೇವಂತಾಳ ಬಾಗಿಲಿಗೆ ಹೋಗಿ ನಿಂತ.

"ಮಾವಶಿ, ನಿನ್ನ ಝೆರಾಕ್ಸ ಯಾವ ಆಫೀಸಿಗೂ ಹೋಗಿಲ್ಲ. ನನ್ನ ಟ್ರಂಕಿನ್ಯಾಗ ಐತಿ. ಹೇಳಾಕ ನಾಚಿಕಿ ಬಂತು."

ಅವಳು ಹೊಸ್ತಿಲಿಗೆ ಬಂದು ನಿಂತಳು. "ನೀ ಶಾಲು ಕಿತ್ತು ಒಗದದ್ದು ನಾ ನೋಡೀನಿ. ಇಷ್ಟು ವರ್ಷ ಕಣ್ಣು ತಪ್ಪಿಸಿ ಅಡ್ಯಾಡಿದ್ದೂ ನೋಡೀನಿ. ಓಟು ಮುಗದ ಮ್ಯಾಲ ಕಚೇರಿಗಿ ನನ್ನ ಜೋಡಿ ಬಾ."

ಎದುರಾಳಿಯೇ ಗೆದ್ದ. ಮೆರವಣಿಗೆಯಲ್ಲಿ ಸಾರಲು ಕರೆ ಬಂದರೂ ಜ್ಞಾನದೇವ ಹೋಗಲಿಲ್ಲ. ಆ ವಾರವೇ ಹನ್ನೊಂದು ಮನೆಯವರ ಅರ್ಜಿ ಬರೆದುಕೊಂಡು ಶೇವಂತಾಳೊಂದಿಗೆ ತಹಶೀಲ್ದಾರ ಕಚೇರಿಗೆ ಹೋದ.

"ಯಾವ ಪಾರ್ಟಿಯಿಂದ ಬಂದೀರಿ?" ಗುಮಾಸ್ತ ಕೇಳಿದ.

"ಮನಿಯಿಂದ," ಎಂದಳು ಶೇವಂತಾ.

ನಾಲ್ಕು ಸಲ ಅಲೆದ ಮೇಲೆ ಸರ್ವೇದವರು ಬಂದು ಕೇರಿ ಅಳೆದು ಹೋದರು. ಕಡತ ಬೆಳಗಾವಿಗೆ ಹೋಗಿದೆಯಂತೆ. ಬರುವ ಸೋಮವಾರ ಇಬ್ಬರೂ ಅಲ್ಲಿಗೆ ಹೊರಟಿದ್ದಾರೆ.