ಔಷಧಿ ಕವರಿನ ಬೆನ್ನಿನ ಮುಖ

ಹಿಡಿದ ಹವ್ಯಾಸವನ್ನು ಮೂರು ದಿನಕ್ಕಿಂತ ಹೆಚ್ಚು ಹಿಡಿದವನಲ್ಲ ನಮ್ಮ ಕಂಪೌಂಡರ್. ಹಾರ್ಮೋನಿಯಂ ತಂದ, ಅದರ ಮೇಲೆ ಈಗ ಮಕ್ಕಳ ಪುಸ್ತಕಗಳು ಕೂತಿವೆ. ಹಾಗಾಗಿ, "ವರ್ಷವಿಡೀ ದಿನಕ್ಕೊಂದು ಮುಖದ ಚಿತ್ರ ಬರೀತೀನಿ" ಎಂದಾಗ ಹೆಂಡತಿ ತಲೆಯನ್ನೂ ಎತ್ತಲಿಲ್ಲ. "ನಾಲ್ಕನೇದು ಆದಾಗ ಹೇಳಿ, ನಂಬ್ತೀನಿ."

ಮಾತು ಚುಚ್ಚಿತು. ಇನ್ನೂರ ಹನ್ನೊಂದು ದಿನ ಒಂದೂ ತಪ್ಪಿಸಲಿಲ್ಲ ಮಹಾಶಯ. ಆದರೆ ಪುರುಸೊತ್ತೆಲ್ಲಿ? ಬೆಳಗ್ಗೆ ಮಕ್ಕಳು, ಸಂಜೆ ಭಾವನ ಅಂಗಡಿ. ಆಸ್ಪತ್ರೆಯ ಔಷಧಿ ಕಿಟಕಿಯಲ್ಲೇ ಎರಡು ನಿಮಿಷ ಕದಿಯುತ್ತಿದ್ದ. ಸಾಲಿನಲ್ಲಿ ನಿಂತ ಒಂದು ಮುಖ, ಮಾತ್ರೆ ಹಾಕಿಕೊಡುವ ಕಾಗದದ ಕವರಿನ ಬೆನ್ನಿಗೆ. ಮುಗಿದರೆ ಅಂಗಿ ಜೇಬಿಗೆ.

ಅವನದೊಂದು ಪದ್ಧತಿಯಿತ್ತು. ಕಿಟಕಿ ತೆರೆಯುವ ಮೊದಲೇ ನೂರು ಕವರುಗಳ ಮೇಲೆ 'ಎರಡು ಮಾತ್ರೆ, ದಿನಕ್ಕೆ ಮೂರು ಸಲ, ಊಟದ ನಂತರ' ಎಂದು ಬರೆದು ಗುಡ್ಡೆ ಹಾಕುತ್ತಿದ್ದ. ಬರುವವರೆಲ್ಲ ಹೆಚ್ಚುಕಮ್ಮಿ ನೆಗಡಿಯವರೇ. ಬೇರೆ ಕಾಯಿಲೆಯವರಿಗಷ್ಟೇ ಖಾಲಿ ಕವರು ತೆಗೆದು ಹೊಸದಾಗಿ ಬರೆಯುವುದು.

ಅಂದು ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ ಕಿಟಕಿ ಮುಚ್ಚಿ, ಆ ದಿನದ ಮುಖವನ್ನು ಜೇಬಿನಿಂದ ತೆಗೆದ. ಒಬ್ಬ ಅಜ್ಜಿ, ಕಣ್ಣು ಚೆನ್ನಾಗಿ ಬಂದಿತ್ತು. ಕವರು ತಿರುಗಿಸಿದ. 'ಅರ್ಧ ಮಾತ್ರೆ, ದಿನಕ್ಕೆ ಒಂದೇ ಸಲ.' ಅವನದೇ ಅಕ್ಷರ.

ಅದು ಅಜ್ಜಿಯ ಹೃದಯದ ಮಾತ್ರೆಗೆಂದು ಬರೆದಿಟ್ಟ ಕವರು. ಗೊತ್ತಾಗದೆ ಅದರ ಬೆನ್ನಿಗೇ ಚಿತ್ರ ಬರೆದು, ಜೇಬಿಗಿಳಿಸಿ, ಮಾತ್ರೆಗಳನ್ನು ಕೈಗೆ ಸಿಕ್ಕ ಇನ್ನೊಂದಕ್ಕೆ ಸುರಿದಿದ್ದ. ಕೈಗೆ ಸಿಕ್ಕಿದ್ದು ಗುಡ್ಡೆಯದು. ದಿನಕ್ಕೆ ಅರ್ಧ ನುಂಗಬೇಕಾದವಳು ಇನ್ನು ಆರು ನುಂಗುತ್ತಾಳೆ. ಊಟದ ಹೊತ್ತು ಬೇರೆ.

ಅಜ್ಜಿಯ ವಿಳಾಸ ಯಾವ ಚೀಟಿಯಲ್ಲೂ ಇರಲಿಲ್ಲ. ನರ್ಸಿನ ಮುಂದೆ ಚಿತ್ರ ಹಿಡಿದ. "ಸಿಸ್ಟರ್, ಇವರ ಮನೆ ಎಲ್ಲಿ?"

"ಇಸ್ತ್ರಿ ಅಂಗಡಿಯವನ ಅತ್ತೆ ಅಲ್ವಾ ಇದು? ಗಡಿಯಾರ ರಿಪೇರಿಯವನ ಹಿಂದಿನ ಬೀದಿ, ಮೂರನೇ ಮಹಡಿ. ಯಾಕ್ರೀ, ಏನಾಯ್ತು?"

ಕವರು ಕೈಯಲ್ಲಿ ಹಿಡಿದೇ ಓಡಿದ. ಚಪ್ಪಲಿ ಕಿತ್ತುಹೋದದ್ದೂ ತಿಳಿಯಲಿಲ್ಲ. ಈಗ ನುಂಗಿರುತ್ತಾಳೆ, ಈಗ ನುಂಗಿರುತ್ತಾಳೆ ಎಂದು ಒಂದೊಂದು ಮೆಟ್ಟಿಲೂ ಹೇಳಿತು. ಮೂರನೇ ಮಹಡಿಯ ಬಾಗಿಲು ತೆರೆದೇ ಇತ್ತು. ಅಜ್ಜಿ ತಟ್ಟೆ ತೊಳೆದಿಟ್ಟು, ಅಂಗೈಯಲ್ಲಿ ಎರಡು ಮಾತ್ರೆ ಇಟ್ಟುಕೊಂಡು ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು.

"ಅಜ್ಜಿ, ನುಂಗಬೇಡಿ."

ಮಾತ್ರೆ ಕಿತ್ತುಕೊಂಡು ಅಲ್ಲೇ ನೆಲದ ಮೇಲೆ ಕೂತ. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ. ಅಜ್ಜಿ ಅವನ ಕೈಯಲ್ಲಿದ್ದ ಚಿತ್ರದ ಕವರು ತೆಗೆದುಕೊಂಡು ತನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಇಷ್ಟಕ್ಕೆ ನನ್ನ ಕೊಲ್ತಿದ್ಯಲ್ಲಪ್ಪಾ" ಎಂದಳು. ಕೋಪವಿರಲಿಲ್ಲ, ಅದನ್ನೇ ಅವನಿಂದ ತಡೆಯಲಾಗಲಿಲ್ಲ. ಕವರನ್ನು ಅವಳು ವಾಪಸು ಕೊಡಲಿಲ್ಲ, ಅವನೂ ಕೇಳಲಿಲ್ಲ.

ವಾಪಸು ಹೋಗಿ ಡಾಕ್ಟರ ಮುಂದೆ ನಿಂತು ಒಪ್ಪಿಕೊಂಡು, ಬೈಸಿಕೊಂಡ. ಭಾವನ ಅಂಗಡಿಗೆ ಹೋಗದೆ ಮನೆಗೆ ಬಂದವನು, ಪೆನ್ಸಿಲನ್ನು ಕಸದ ಬುಟ್ಟಿಗೆ ಹಾಕಿದ. "ಬಿಟ್ಟೆ ಕಣೇ. ಇನ್ನು ಸಾಕು."

ನಡೆದದ್ದನ್ನೆಲ್ಲ ಕೇಳಿದ ಹೆಂಡತಿ ಈ ಸಲ ಗೇಲಿ ಮಾಡಲಿಲ್ಲ. ಬುಟ್ಟಿಯಿಂದ ಪೆನ್ಸಿಲ್ ಹೆಕ್ಕಿ ಸೆರಗಿಗೆ ಒರೆಸಿ, ಅವನೆದುರು ಕುರ್ಚಿ ಎಳೆದುಕೊಂಡು ಕೂತಳು.

"ಆ ಕಿಟಕಿಯಲ್ಲಿ ಇನ್ನು ಬೇಡ. ಇನ್ನೂರ ಹನ್ನೊಂದರಲ್ಲಿ ನನ್ನ ಮುಖ ಒಂದೂ ಇಲ್ಲ, ದಿನಾ ಎಣಿಸಿದ್ದೀನಿ. ಬರೀರಿ. ನನಗೇನೂ ಮಾತ್ರೆ ಕೊಡೋದಿಲ್ಲವಲ್ಲ."

ಅವನು ಹಾರ್ಮೋನಿಯಂ ಮೇಲಿದ್ದ ಮಕ್ಕಳ ಪುಸ್ತಕದಿಂದ ಒಂದು ಖಾಲಿ ಹಾಳೆ ಕಿತ್ತುಕೊಂಡ. ಬರೆದ.