ಸಣ್ಣ ಸೊಸೆಯ ಡಬ್ಬಿ

ಕಾಕುವಿನ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಂಪು ಮಣ್ಣು ಇರುತ್ತಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅದೇ ಬೆರಳಿನಿಂದ ಹಾಳೆ ತಿರುವುತ್ತಿದ್ದರು. ಅವರು ಓದಿದ ಕಾದಂಬರಿಗಳ ಮೂಲೆಗಳೆಲ್ಲ ಚಹಾದ ಬಣ್ಣಕ್ಕೆ ತಿರುಗಿದ್ದವು.

ಲಿಂಗಂಪಲ್ಲಿಯಲ್ಲಿ ನಮ್ಮ ಬಾಡಿಗೆ ಮನೆಯ ಮೇಲಿನ ಮನೆ ಅವರದು. ಕಲಬುರಗಿ ಕಡೆಯವರು, ಸರಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಒಬ್ಬರೇ ಇದ್ದರು. ನಾನು ಕಾಕು ಎನ್ನುತ್ತಿದ್ದೆ, ಅವರ ಕಡೆ ಚಿಕ್ಕಮ್ಮನನ್ನು ಹಾಗೆ ಕರೆಯುತ್ತಾರೆ. ನನ್ನದು ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಗುಳಿಗೆ ಪ್ಯಾಕ್ ಮಾಡುವ ಕೆಲಸ. ದಿನವಿಡೀ ತೆಲುಗು, ಹಿಂದಿ. ಕನ್ನಡ ಓದುವುದು ನನಗೆ ನಿಧಾನ. ಅದಕ್ಕೆ ಭಾನುವಾರ ಸಂಜೆ ತಾರಸಿಯ ಮೇಲೆ ಕೂತು ಕಾಕು ಓದುತ್ತಿದ್ದರು, ನಾನು ಕೇಳುತ್ತಿದ್ದೆ.

ಒಂದು ಕಾದಂಬರಿ ಮುಗಿದರೆ ಅದರೊಳಗಿನ ಒಬ್ಬರಿಗೆ ಒಂದು ಗಿಡ. ಹಳೆಯ ಎಣ್ಣೆ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು, ಗಿಡ ನೆಟ್ಟು, ಐಸ್‌ಕ್ರೀಮ್ ಕಡ್ಡಿಯ ಮೇಲೆ ಅವರು ಯಾರೆಂದು ಬರೆದು ಚುಚ್ಚಿ, ತಾರಸಿಯಲ್ಲೇ ಸಾಲಾಗಿ ಇಡುತ್ತಿದ್ದರು. ಸಿಹಿ ಮಾತಾಡುತ್ತ ಅಣ್ಣನ ಮನೆ ಸೇರಿ ಕೊನೆಗೆ ಮನೆಯನ್ನೇ ಹಿಡಿದ ತಮ್ಮನಿಗೆ ಮನಿಪ್ಲಾಂಟ್. ಎಲ್ಲರನ್ನೂ ಮರುಳು ಮಾಡುವ ಡಾಕ್ಟರನಿಗೆ ಕಣಗಿಲೆ. "ನೋಡಾಕ ಭಾಳ ಚಂದ. ಬಾಯಾಗ ಇಟ್ಟಿ ಅಂದ್ರ ಮುಗೀತು," ಎಂದಿದ್ದರು. ಕೊನೆಯ ಪುಟದ ತನಕ ಯಾರಿಗೂ ಕಡ್ಡಿ ಬರೆಯುತ್ತಿರಲಿಲ್ಲ. ನನಗೆ ಯಾವ ಗಿಡ ಎಂದು ಒಮ್ಮೆ ಕೇಳಿದೆ.

"ನಿಂದಿನ್ನೂ ನಡದೈತಿ. ಸುಮ್ನ ಕೂಡು ತಂಗಿ," ಎಂದರು.

ಒಂದು ಕಾದಂಬರಿಯ ಸಣ್ಣ ಸೊಸೆಯ ವಿಷಯದಲ್ಲಿ ಮಾತ್ರ ನಮಗೆ ಜಗಳವಾಯಿತು. ಎಲ್ಲರೂ ಉಂಡು ಉಳಿದದ್ದನ್ನು ಉಣ್ಣುವವಳು, ಮನೆಯಲ್ಲಿ ಯಾರಿಗೆ ನೋವಾದರೂ ಮೊದಲು ಓಡಿಬರುವವಳು. ನಾನು ಮಲ್ಲಿಗೆ ಎಂದೆ. ಕಾಕು ಲೋಳೆಸರ ನೆಟ್ಟರು. ಅಷ್ಟು ಮೆತ್ತನೆಯ ಹೆಂಗಸಿಗೆ ಮುಳ್ಳಿನ ಅಂಚಿನ ಗಿಡವೇ ಎಂದು ನನಗೆ ಸಿಟ್ಟು ಬಂತು.

"ಮಲ್ಲಿಗಿ ಆಗಿದ್ರ ಆ ಮನ್ಯಾಗ ಎಂಟು ದಿನಕ್ಕ ಒಣಗತಿದ್ಲು," ಎಂದು ನಕ್ಕರು. ನಾನು ಆ ಮಾತನ್ನು ಕೇಳಿಸಿಕೊಂಡೆ. ತಲೆಗೆ ಹೋಗಲಿಲ್ಲ.

ಹೋದ ಬೇಸಿಗೆಯಲ್ಲಿ ಕಾಕುವನ್ನು ಸಿಕಂದರಾಬಾದಿನ ಆಸ್ಪತ್ರೆಗೆ ಸೇರಿಸಿದರು. ಹೋಗುವಾಗ ನನ್ನ ಕೈಗೆ ತಾರಸಿಯ ಬೀಗದ ಕೈ ಕೊಟ್ಟು, "ಮಂದಿ ನೋಡಿ ನೀರ ಹಾಕು," ಎಂದರು. ನಾನು ಮಂದಿಯನ್ನು ನೋಡಿಯೇ ಹಾಕಿದೆ. ಡಾಕ್ಟರನಿಗೆ ಅರ್ಧ ತಂಬಿಗೆ. ಮನೆ ಹಿಡಿದ ತಮ್ಮನಿಗೆ ಉಳಿದರೆ ಉಂಟು. ಸಣ್ಣ ಸೊಸೆಗೆ ದಿನಕ್ಕೆ ಎರಡು ತುಂಬಿದ ತಂಬಿಗೆ. ಪಾಪ, ಅವಳಿಗೆ ಯಾರೂ ಏನೂ ಕೊಟ್ಟಿರಲಿಲ್ಲವಲ್ಲ.

ಮೂರನೆಯ ವಾರ ಲೋಳೆಸರದ ಬುಡ ಮೆತ್ತಗಾಯಿತು. ಮುಟ್ಟಿದರೆ ಗಿಡವೇ ಕೈಗೆ ಬಂತು. ಕೊಳೆತ ವಾಸನೆ. ಡಬ್ಬಿಯಲ್ಲಿ ಹಸಿ ಮಣ್ಣು, ಕಡ್ಡಿ, ಅಷ್ಟೇ.

ಆ ಭಾನುವಾರ ಆಸ್ಪತ್ರೆಗೆ ಹೋದಾಗ ಕಾಕು ಮೊದಲು ಕೇಳಿದ್ದೇ, "ಸಣ್ಣ ಸೊಸಿ ಹೆಂಗದಾಳ?"

"ಚಲೋ ಅದಾಳ್ರಿ," ಎಂದೆ.

ಅಲ್ಪಸ್ವಲ್ಪ ಕನ್ನಡ ತಿಳಿಯುವ ನರ್ಸ್ ಒಬ್ಬಳು ಪಕ್ಕದಲ್ಲಿದ್ದಳು. ಸೊಸೆ ಇದ್ದೂ ಒಂದು ದಿನವೂ ಬಂದಿಲ್ಲವಲ್ಲ, ಎಂಥ ಹೆಂಗಸು ಎಂದು ಹಿಂದಿಯಲ್ಲಿ ಬೈದಳು. ಕಾಕು ಕೆಮ್ಮು ಬರುವ ತನಕ ನಕ್ಕರು. ಆಮೇಲೆ ನನ್ನ ಮುಖವನ್ನೇ ನೋಡಿದರು.

"ಭಾಳ ಮಾಡಾಕ ಹೋಗಬ್ಯಾಡ, ತಂಗಿ," ಎಂದರು.

ಗಿಡದ ಬಗ್ಗೆ ಹೇಳಿದರೋ, ಕೆಲಸ ಬಿಟ್ಟು ಪದೇಪದೇ ಬರಬೇಡ ಎಂದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬುಧವಾರ ಮತ್ತೆ ಹೋದಾಗ ನಿಜ ಹೇಳಿಬಿಡಬೇಕು ಎಂದುಕೊಂಡಿದ್ದೆ. ಮಂಗಳವಾರವೇ ಹೋಗಿಬಿಟ್ಟರು.

ಮನೆ ಖಾಲಿ ಮಾಡಲು ಅವರ ಅಣ್ಣನ ಮಗ ಬಂದ. ಗಿಡಗಳನ್ನು ವಾಚ್‌ಮನ್‌ಗೆ ಕೊಡುತ್ತೇನೆ, ಅತ್ತೆಯ ನೆನಪಿಗೆ ನೀವೊಂದು ತೆಗೆದುಕೊಳ್ಳಿ ಎಂದ. ಕಾಕುವಿನ ಪುಸ್ತಕ ಮುಗಿದಿತ್ತು. ಅವರಿಗೂ ಒಂದು ಕಡ್ಡಿ ಬರೆಯಬೇಕಲ್ಲ ಎಂದು ತಾರಸಿಯಲ್ಲಿ ಸುತ್ತಿದೆ. ತುಳಸಿ ಎನ್ನಿಸಿತು, ದಾಸವಾಳ ಎನ್ನಿಸಿತು. ಯಾವುದರ ಮುಂದೆ ನಿಂತರೂ ಇದಲ್ಲ ಎನ್ನಿಸಿತು. ಕೊನೆಗೆ ಗಿಡವಿಲ್ಲದ ಆ ಡಬ್ಬಿಯನ್ನೇ ಎತ್ತಿಕೊಂಡೆ. ಅವನು ವಿಚಿತ್ರವಾಗಿ ನೋಡಿದ.

ಈಗ ಅದು ನನ್ನ ಅಡುಗೆಮನೆಯ ಕಿಟಕಿಯಲ್ಲಿದೆ. ಒಳಗೆ ಬೇರಿನ ತುಂಡೊಂದು ಉಳಿದಿರಬಹುದು, ಇಲ್ಲದಿರಬಹುದು. ಕೆಲಸಕ್ಕೆ ಹೊರಡುವ ಮುಂಚೆ ತಂಬಿಗೆ ಹಿಡಿದು ಅದರ ಮುಂದೆ ನಿಲ್ಲುತ್ತೇನೆ. ಮಣ್ಣು ಇನ್ನೂ ಹಸಿ ಇದೆಯೇ ಎಂದು ಹೆಬ್ಬೆರಳು ಒತ್ತಿ ನೋಡುತ್ತೇನೆ. ಕೈ ತಾನಾಗಿ ಬಗ್ಗುತ್ತದೆ, ತಡೆದುಕೊಳ್ಳುತ್ತೇನೆ. ಇವತ್ತೂ ನೀರು ಹಾಕಲಿಲ್ಲ.